ದುರ್ಬೀನಿನ ಪೆಟ್ಟಿಗೆ ಬಿಗಿದದ್ದು

ಗಾಡಿಯ ಅಚ್ಚು ಮುರಿಯಬಹುದಿತ್ತು. ಮಸ್ಕಿ ಹಳ್ಳದಲ್ಲಿ ಎತ್ತು ಮುಗ್ಗರಿಸಬಹುದಿತ್ತು. ಪೆಟ್ಟಿಗೆ ಉರುಳಿ ಒಳಗಿನ ದುರ್ಬೀನಿನ ಗಾಜು ಒಡೆಯಬಹುದಿತ್ತು. ಒಡೆದರೆ ನನ್ನ ಹಂಗಾಮಿ ಗುಮಾಸ್ತಿಕೆ ಕಾಯಂ ಆಗುವ ಬದಲು ಅಂದೇ ಮುಗಿಯುತ್ತಿತ್ತು. ದಾರಿಯೂ ತಪ್ಪಬಹುದಿತ್ತು, ಇದ್ದದ್ದು ಒಂದೇ ದಾರಿ, ಆದರೂ. ಇಷ್ಟನ್ನೂ ಲಿಂಗಸೂಗೂರು ದಾಟುವ ಮೊದಲೇ ಯೋಚಿಸಿ ಮುಗಿಸಿದ್ದೆ. ಈಗ ವಯಸ್ಸು ಐವತ್ತು ದಾಟಿದರೂ ಈ ಚಟ ಬಿಟ್ಟಿಲ್ಲ.

ಆಗ ನಿಜಾಮರ ಕಾಲ. ಕಾಲುವೆಗೆಂದು ಭೂಮಿ ಅಳೆಯುತ್ತಿದ್ದ ಇಂಜಿನಿಯರ್ ಸಾಹೇಬರು ಸಿಂಧನೂರಿನಿಂದ ಲಿಂಗಸೂಗೂರಿನ ನಮ್ಮ ಕಚೇರಿಗೆ ಇಂಗ್ಲಿಷ್ ಚೀಟಿ ಕಳಿಸಿದ್ದರು: ದುರ್ಬೀನಿನ ಪೆಟ್ಟಿಗೆಯನ್ನು ‘ಸ್ಟ್ರ್ಯಾಪ್ ಡೌನ್’ ಮಾಡಿ ತರತಕ್ಕದ್ದು. ನಾನು ಶಾಲೆ ಕಲಿತದ್ದು ಉರ್ದುವಿನಲ್ಲಿ. ಸ್ಟ್ರ್ಯಾಪ್ ಎಂದರೆ ಪಟ್ಟಿ, ಡೌನ್ ಎಂದರೆ ಕೆಳಗೆ. ಎರಡೂ ಕೂಡಿದರೆ ನಾನು ಮಾಡಬೇಕಾದದ್ದೇನು? ಗಾಡಿಯವನು ಚೀಟಿ ಓದಿದವನಲ್ಲ. ಪೆಟ್ಟಿಗೆಯನ್ನು ಹುಲ್ಲಿನ ಮೇಲಿಟ್ಟು, ಕಚೇರಿಯ ಪುಂಡಿನಾರಿನ ಹಗ್ಗವನ್ನು ಮೇಲಿಂದ ಹಾಯಿಸಿ, ಗಾಡಿಯ ತಳಕ್ಕೆ ಜಗ್ಗಿ ಬಿಗಿದ. ಪೆಟ್ಟಿಗೆ ಅಲುಗಲಿಲ್ಲ. ಓಹೋ, ಇದೇ!

ಆಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ತಗ್ಗು ಬಂದಾಗಲೆಲ್ಲ, “ಸ್ಟ್ರ್ಯಾಪ್ ಡೌನ್ ಆಗೇತೇನೋ?”

“ಆಗೇತ್ರೀ. ಇನ್ನೂ ಬಿಗದ್ರ ಗಾಡೀನ ಮುರೀತೈತಿ.”

ಎರಡನೆಯ ದಿನ ಬೆಳಿಗ್ಗೆ ಮಸ್ಕಿ ಹಳ್ಳಕ್ಕೆ ಇಳಿಯುವ ಮುಂಚೆ ತಡೆಯಲಾರದೆ, ಪೆಟ್ಟಿಗೆಗೆ ಒತ್ತಿ ಕೂತು ನಾನೇ ಕಚೇರಿಯ ಇನ್ನೊಂದು ಹಗ್ಗ ಬಿಗಿದೆ. ಅವನು ನಕ್ಕು ಗಂಟಿನ ಮೇಲೆ ಹಳ್ಳದ ನೀರು ಸುರಿದ.

“ಪುಂಡಿ ಹಗ್ಗ ನೆನದ್ರ ಕಚ್ಚಿ ಹಿಡೀತೈತ್ರೀ. ಇನ್ನರ ಮಕ್ಕೋರಿ.”

ಮಲಗಿದೆ. ಹಿಂದೊಮ್ಮೆ ಸಾಹೇಬರು ಆ ದುರ್ಬೀನಿನಲ್ಲಿ ನನಗೆ ಮಸ್ಕಿ ಬೆಟ್ಟ ತೋರಿಸಿದ್ದರು; ಅಳತೆಯ ದುರ್ಬೀನಿನಲ್ಲಿ ಎಲ್ಲವೂ ಹಾಗೇ ಕಾಣುವುದಂತೆ, ಬೆಟ್ಟ ತಲೆಕೆಳಗಾಗಿತ್ತು. ಈಗ ಗಾಡಿಯ ತೂಗಾಟದಲ್ಲಿ ಎಲ್ಲವೂ ಹಾಗೇ ಮಗುಚಿಕೊಂಡಿತು. ಜೋಳದ ತೆನೆಗಳು ಮೇಲಿಂದ ಇಳಿಬಿದ್ದಿದ್ದವು, ಕೊರಳಗಂಟೆಯ ಸದ್ದು ಎಲ್ಲೋ ಕೆಳಗಿನ ಮೋಡದಿಂದ ಬರುತ್ತಿತ್ತು. ಪೆಟ್ಟಿಗೆಯೂ ನಾನೂ ಆಕಾಶಕ್ಕೆ ಬೀಳದೆ ಗಾಡಿಗೆ ಅಂಟಿಕೊಂಡು ತೇಲುತ್ತಿದ್ದೆವು. ಅಷ್ಟು ನಿಶ್ಚಿಂತೆಯಾಗಿ ನಾನು ಮತ್ತೆಂದೂ ನಿದ್ದೆ ಮಾಡಿಲ್ಲ.

ಎಚ್ಚರಾದಾಗ ಸಿಂಧನೂರು. ಗಾಜು ಒಡೆದಿರಲಿಲ್ಲ ಎಂಬುದು ಆಮೇಲೆ ತಿಳಿಯಿತು, ಕೆಲಸವೂ ಉಳಿಯಿತು. ಆದರೆ ಡೇರೆಯಿಂದ ಬಂದ ಸಾಹೇಬರಿಗೆ ಇಳಿದು ಸಲಾಂ ಮಾಡೋಣವೆಂದರೆ ಏಳಲಾಗಲಿಲ್ಲ. ನಾನು ಹಾಕಿದ ಗಂಟಿನೊಳಗೆ ನನ್ನ ಧೋತರದ ಚುಂಗೂ ಸೇರಿತ್ತು.

“ಸಾಹೇಬ್ರ, ಪೆಟಗಿ ಅಷ್ಟ ಅಲ್ರೀ,” ಎಂದ ಗಾಡಿಯವನು, “ಗುಮಾಸ್ತರನ್ನೂ ಇಸ್ಟ್ರಾಪ್ ಡೌನ್ ಮಾಡಿ ತಂದೀನಿ.”

ಸಾಹೇಬರು ಕುಡುಗೋಲು ತರಿಸಿದರು. ಹಗ್ಗ ಸರಕಾರದ್ದು, ಕೊಯ್ದರೆ ಜವಾಬು ಕೊಡಬೇಕಾಗಬಹುದೆಂದು ನಾನೇ ಹೆದರಿ, ಧೋತರವನ್ನೇ ಕೊಯ್ಯಿಸಿಕೊಂಡೆ.