ಅಣ್ಣನ ಮಾತು, ಕೊಟ್ರಪ್ಪನ ನಗೆ

ನಿನ್ನೆ ಮಧ್ಯಾಹ್ನ ಪಕ್ಕದ ಮನೆಯ ಟೀವಿಯಲ್ಲಿ ಹಾಸ್ಯನಟ ಕೊಟ್ರಪ್ಪನ ಹಳೆಯ ಸಿನಿಮಾ ಬರುತ್ತಿತ್ತು. ಗೋಡೆಯಾಚೆಯ ನಗು ಕೇಳಿಯೇ ಯಾವ ದೃಶ್ಯವೆಂದು ತಿಳಿಯಿತು. ನನಗೆ ಊಟ ಸೇರಲಿಲ್ಲ.

ನೀವೂ ನಕ್ಕಿರುತ್ತೀರಿ. ಮಾತು ಗಂಟಲಲ್ಲಿ ಸಿಕ್ಕಿಕೊಂಡಾಗಲೆಲ್ಲ ತೊಡೆ ತಟ್ಟಿ ಅದನ್ನು ಹೊರಡಿಸುವ ಆ ಗುಮಾಸ್ತ. ತೆರೆಯ ಮೇಲೆ ಅವನು ಕೊಟ್ರಪ್ಪ, ನಿಜದಲ್ಲಿ ನನ್ನ ಅಣ್ಣ ಬಸಣ್ಣ. ದಾವಣಗೆರೆಯ ಮಂಡಿಪೇಟೆಯಲ್ಲಿ ಕೆಲಸ. ಹರಿಹರದ ನಮ್ಮ ಮನೆಯಿಂದ ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದ. ಕೊಟ್ರಪ್ಪ ನಮ್ಮ ಓಣಿಯವನೇ. ತಾಯಿಯಿಲ್ಲದವನು, ನಮ್ಮಲ್ಲೇ ಉಂಡು ಬೆಳೆದ. ಅಣ್ಣನನ್ನು ಯಾರಾದರೂ ಅಣಕಿಸಿದರೆ ಹೊಡೆದು ಬರುತ್ತಿದ್ದವನೂ ಅವನೇ. "ಇನ್ನೊಂದು ಹಾಕವ್ವ ತಂಗಿ, ಬಿಸೀದು" ಎಂದರೆ ಅವನಿಗೆಂದೇ ತೆಳ್ಳಗೆ ರೊಟ್ಟಿ ತಟ್ಟುತ್ತಿದ್ದೆ. ತಂಗಿ ಎನ್ನುವುದೊಂದೇ ನನಗೆ ಹಿಡಿಸುತ್ತಿರಲಿಲ್ಲ. ಮುಂದೆ ನಾಟಕ ಕಂಪನಿ ಸೇರಿದ, ಮದ್ರಾಸಿಗೆ ಹೋದ, ದೊಡ್ಡ ಹೆಸರಾದ.

ಆ ಸಿನಿಮಾ ದಾವಣಗೆರೆಗೆ ಬಂದಾಗ ಅಣ್ಣನೇ ನಮ್ಮನ್ನೆಲ್ಲ ಕರೆದೊಯ್ದ. ನಾನು ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದೆ. ತೆರೆಯ ಮೇಲೆ ಕೊಟ್ರಪ್ಪ ತೊಡೆ ತಟ್ಟಿದ. ಟಾಕೀಸೇ ನಕ್ಕಿತು. ನಾನೂ ನಕ್ಕೆ. ಅದು ಯಾರೆಂದು ಹೊಳೆದು ಪಕ್ಕಕ್ಕೆ ತಿರುಗಿದರೆ, ಅಣ್ಣ ನನ್ನನ್ನೇ ನೋಡುತ್ತಿದ್ದ.

ಮಾರನೆಯ ದಿನದಿಂದ ಮಂಡಿಪೇಟೆಯ ಹಮಾಲರು ಅವನನ್ನು ಕಂಡೊಡನೆ ತೊಡೆ ತಟ್ಟತೊಡಗಿದರು. ಅಣ್ಣನಿಗೆ ಗೊತ್ತುಮಾಡಿದ್ದ ಹೆಣ್ಣಿನ ತಂದೆ ಮನೆಗೆ ಬಂದು, "ತಪ್ಪು ತಿಳೀಬ್ಯಾಡ್ರಿ. ಹುಡುಗಿ ಒಲ್ಲೆ ಅಂತಾಳೆ. ಊರೇ ನಗಾಡೋನಿಗೆ ಹೆಂಗೆ ಕೊಡಾದು?" ಎಂದು ಎಲೆಅಡಿಕೆಯನ್ನೂ ಮುಟ್ಟದೆ ಎದ್ದ.

ಅದೇ ವರ್ಷ ಹರಿಹರದಲ್ಲಿ ಕೊಟ್ರಪ್ಪನಿಗೆ ಸನ್ಮಾನ. ಅಣ್ಣ ಹೋದದ್ದು ಒಂದೇ ಮಾತು ಹೇಳಲು: ಇನ್ನೊಂದು ಸಿನಿಮಾದಲ್ಲಿ ಅದನ್ನು ಮಾಡಬೇಡ. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದ. ನಾನು ಹಿಂದೆಯೇ ನಡೆದೆ. ಕೊಟ್ರಪ್ಪ ಅವನನ್ನು ಕಂಡದ್ದೇ ವೇದಿಕೆಗೆ ಎಳೆದುಕೊಂಡ, ಅಪ್ಪಿಕೊಂಡ, ಮೈಕಿನ ಮುಂದೆ ನಿಲ್ಲಿಸಿದ.

"ನನ್ನ ಗುರು ಇವ್ನೇ. ನಾನು ಉಣ್ಣೋದು ಇವ್ನಿಂದ್ಲೇ. ಮಾತಾಡೋ ಬಸಣ್ಣ, ನಿನ್ನ ಜನಾನೇ ಐತೆ."

ಅಣ್ಣ ಬಾಯಿ ತೆರೆದ. ಮಾತು ಸಿಕ್ಕಿಕೊಂಡಿತು. ಕೈ ತಾನಾಗಿ ತೊಡೆಗೆ ಹೋಯಿತು. ಜನ ಶಿಳ್ಳೆ ಹಾಕಿ ನಕ್ಕರು. ಕೊಟ್ರಪ್ಪನ ಕಣ್ಣಲ್ಲಿ ನೀರಿತ್ತು. ಅದು ಪ್ರೀತಿಯದ್ದೇ ಎಂದು ಇವತ್ತಿಗೂ ನಂಬುತ್ತೇನೆ. ಹಗೆಯಿಂದ ಮಾಡಿದ್ದರೆ ಬೈದು ಮರೆಯುತ್ತಿದ್ದೆ.

ಮನೆಗೆ ಬಂದ ಅಣ್ಣ ಚಪ್ಪಲಿ ಬಿಡುತ್ತ, ಒಮ್ಮೆಯೂ ತಡವರಿಸದೆ ಹೇಳಿದ:

"ಅವತ್ತು ಟಾಕೀಸ್‌ನಾಗೆ ನೀನೂ ನಕ್ಕಿದ್ದೆ."

ಆಮೇಲೆ ಬದುಕಿದ್ದಷ್ಟು ಕಾಲ ಅವನು ನನ್ನೊಡನೆ ಆಡಿದ್ದು ನೀರು ಕೊಡು, ಬಾಗಿಲು ಹಾಕು, ಇಷ್ಟೇ.

ಇದನ್ನು ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳಿದರೆ ಹಗುರಾದೀತು ಎಂದುಕೊಂಡೆ. ಆಗಲಿಲ್ಲ.