ಕಾಲು ಮುರಿದ ಬೇಸಿಗೆಯ ರಮ್ಮಿ

ಇಸ್ಪೀಟಿನ ಎಲೆಗಳನ್ನು ಕೈಯಲ್ಲಿ ಹಿಡಿಯುವ ಬಗೆ ನೋಡಿಯೇ ಮನುಷ್ಯರ ಸ್ವಭಾವವನ್ನು ಅರ್ಧ ಹೇಳಿಬಿಡಬಹುದು ಎಂಬುದು ನನ್ನ ನಂಬಿಕೆ. ಕೆಲವರು ಕೂಸಿಗೆ ದೃಷ್ಟಿ ತಗುಲೀತೆಂಬಂತೆ ಎದೆಗವುಚಿಕೊಳ್ಳುತ್ತಾರೆ. ಇನ್ನು ಕೆಲವರು ಅಕ್ಕಪಕ್ಕದವರಿಗೂ ಪುಣ್ಯ ಬರಲೆಂದು ಧಾರಾಳವಾಗಿ ತೆರೆದಿಡುತ್ತಾರೆ. ನಾನು ಎರಡನೆಯ ಪಂಗಡದವಳು. ಹಾಗಾಗಿ ರಮ್ಮಿಯಲ್ಲಿ ನನ್ನ ಪಾಂಡಿತ್ಯ ಅಪಾರ, ಗೆಲುವು ಮಾತ್ರ ಅಪರೂಪ.

ದಾವಣಗೆರೆಯ ತವರಿನಲ್ಲಿ ಅಪ್ಪನಿಂದ ಕಲಿತ ಈ ವಿದ್ಯೆ ಹಡಗಲಿಯ ಅತ್ತೆಮನೆಯಲ್ಲಿ ಸಾರ್ಥಕವಾದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ನಮ್ಮ ಅತ್ತೆ ಗಂಗವ್ವ ಬಚ್ಚಲಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಪಡಸಾಲೆಯ ಮಂಚ ಹಿಡಿದರು. ಮಧ್ಯಾಹ್ನ ಕರೆಂಟು ಹೋಗುತ್ತಿತ್ತು, ಟೀವಿ ಮೌನವ್ರತ ಹಿಡಿಯುತ್ತಿತ್ತು. ಅತ್ತೆಗೆ ಉಳಿದ ಏಕೈಕ ಮನರಂಜನೆಯೆಂದರೆ ನಾನು ಮಾಡಿದ ಸಾರಿನ ವಿಮರ್ಶೆ. ಆತ್ಮರಕ್ಷಣೆಗಾಗಿ ನಾನು ಟ್ರಂಕಿನ ತಳದಿಂದ ಎರಡು ಕಟ್ಟು ಇಸ್ಪೀಟು ತೆಗೆದೆ.

ಇಸ್ಪೀಟೆಂದರೆ ಊರಾಚೆಯ ಮರದ ಕೆಳಗೆ ಗಂಡಸರು ಕೂತು, ಪೊಲೀಸರು ಬಂದಾಗ ಚಪ್ಪಲಿ ಬಿಟ್ಟು ಓಡುವ ಆಟವೆಂದೇ ಅತ್ತೆ ತಿಳಿದಿದ್ದರು. ಪಣಕ್ಕೆ ಹುಣಸೆಬೀಜ, ಬಾಗಿಲಿಗೆ ಪರದೆ, ಯಾರಾದರೂ ಬಂದರೆ ಎಲೆಗಳ ಮೇಲೆ ಮಲ್ಲಿಗೆ ಮೊಗ್ಗಿನ ಬುಟ್ಟಿ ಎಂಬ ಕರಾರಿನ ಮೇಲೆ ಒಪ್ಪಿದರು.

ಇಷ್ಟರಲ್ಲಿ ದೊಡ್ಡತ್ತೆ ಕೊಟ್ರವ್ವ ನೋಡಲು ಬಂದರು. ಇವರು ಅತ್ತೆಯ ವಾರಗಿತ್ತಿ, ಮಾವನ ಅಣ್ಣನ ಹೆಂಡತಿ. ಗೋಡೆಯಾಚೆಯೇ ಅವರ ಮನೆ. ವರ್ಷಗಟ್ಟಲೆ ಒಂದೇ ಒಲೆಯ ಮುಂದೆ ರೊಟ್ಟಿ ಬಡಿದ ಇಬ್ಬರೂ ಮನೆ ಪಾಲಾಗುವಾಗ ರುಬ್ಬುವ ಕಲ್ಲು ಯಾರಿಗೆಂದು ಜಗಳವಾಡಿ ಮಾತು ಬಿಟ್ಟಿದ್ದರು. ಆಮೇಲೆ ಇಬ್ಬರ ಮನೆಗೂ ಮಿಕ್ಸಿ ಬಂತು, ಕಲ್ಲು ಹಿತ್ತಲಲ್ಲಿ ಕಾಗೆ ಕೂರುವ ಪೀಠವಾಯಿತು. ಆದರೆ ಮೌನ ಮಾತ್ರ ಸ್ಥಿರಾಸ್ತಿಯಂತೆ ಉಳಿಯಿತು. ಕಾಯಿಲೆ ಬಿದ್ದವರನ್ನು ನೋಡದಿದ್ದರೆ ಜನ ಆಡಿಕೊಳ್ಳುತ್ತಾರಲ್ಲ, ಅದಕ್ಕೆ ಬಂದವರು ನನ್ನನ್ನೇ ಕೇಳಿದರು, ನಿಮ್ಮತ್ತೆ ಹೇಗಿದ್ದಾಳೆಂದು. ಒಂದು ಮಾರು ದೂರದಲ್ಲಿ ಮಲಗಿದ್ದ ಅತ್ತೆ, ಚೆನ್ನಾಗಿದ್ದೇನೆಂದು ಹೇಳು ಎಂದು ನನಗೇ ಹೇಳಿದರು. ಅಷ್ಟರಲ್ಲಿ ಬುಟ್ಟಿಯ ಕೆಳಗಿನಿಂದ ಆಟೀನ್ ರಾಣಿ ಇಣುಕಿದಳು.

ದೊಡ್ಡತ್ತೆ ಕೂತರು. ನಾನು ಇಬ್ಬರಿಗೂ ಪಾಠ ಮಾಡಿದೆ. ತಲಾ ಹದಿಮೂರು ಎಲೆ, ಒಂದು ಎತ್ತಬೇಕು, ಒಂದು ಬಿಡಬೇಕು. ಒಂದೇ ಬಣ್ಣದ, ಎಂದರೆ ಆಟೀನ್‌ಗೆ ಆಟೀನ್, ಕಳಾವರ್‌ಗೆ ಕಳಾವರ್, ಮೂರು ಎಲೆಗಳನ್ನಾದರೂ ಸಾಲಾಗಿ ಕೂಡಿಸಬೇಕು. ಇಲ್ಲವೇ ಬೇರೆ ಬೇರೆ ಬಣ್ಣದ ಒಂದೇ ಅಂಕೆಗಳನ್ನು ಸೇರಿಸಬೇಕು. ಕಟ್ಟಿನಿಂದ ಒಂದು ಎಲೆ ತಿರುವಿಟ್ಟರೆ ಆ ಅಂಕೆಯವೆಲ್ಲ ಆ ಆಟಕ್ಕೆ ಜೋಕರು. ಯಾವ ಎಲೆ ಕಡಿಮೆಯಿದೆಯೋ ಅದರ ಜಾಗದಲ್ಲಿ ಜೋಕರು ಕೂರುತ್ತದೆ. ಆದರೆ ಒಂದು ಸಾಲಾದರೂ ಜೋಕರಿನ ಹಂಗಿಲ್ಲದೆ ಒರಿಜಿನಲ್ ಆಗಿರಲೇಬೇಕು. ಅಂದು ತಿರುವಿಟ್ಟದ್ದು ಆರು. ಬೆಳಿಗ್ಗೆಯವರೆಗೆ ಯಾರೂ ಕೇಳದ ಆರಕ್ಕೆ ಈಗೇಕೆ ಇಷ್ಟು ಮರ್ಯಾದೆ ಎಂದು ದೊಡ್ಡತ್ತೆ ತಕರಾರು ತೆಗೆದರು. ಪಂಚಾಯ್ತಿಗೆ ಆರಿಸಿ ಬಂದಂತೆ ಎಂದುಕೊಳ್ಳಿ ಎಂದೆ. ತಟ್ಟನೆ ಅರ್ಥವಾಯಿತು.

ಹೀಗೆ ದಿನವೂ ಮೂವರ ಮಧ್ಯಾಹ್ನ. ಅವರ ಮಾತೆಲ್ಲ ನನ್ನ ಮೂಲಕ. ಬೇಗ ಎಲೆ ಬಿಡಲು ಹೇಳು, ಎತ್ತಿದ್ದನ್ನು ಮತ್ತೆ ಇಡಬಾರದೆಂದು ಹೇಳು. ದುಭಾಷಿ ಕೆಲಸದ ನಡುವೆ ನನ್ನ ಹುಣಸೆಬೀಜಗಳು ಕರಗುತ್ತಿದ್ದವು. ಒಂದು ದಿನ ನಾನು ಜಾಕಿ ಬಿಡಲು ಹೊರಟಾಗ ದೊಡ್ಡತ್ತೆ ನನ್ನ ಮೊಣಕೈ ಹಿಡಿದು ಕಿವಿಯಲ್ಲಿ ಹೇಳಿದರು: “ಅದನ್ನ ಬಿಡಬ್ಯಾಡ. ನಿಮ್ಮತ್ತಿ ಅದಕ್ಕ ಕಾಯಾಕತ್ತ್ಯಾಳ. ಏನರ ಬೇಕಾದಾಗ ಆಕಿ ಸೆರಗಿನ ತುದಿ ತಿರುವ್ತಾಳ, ಮೊದಲಿಂದೂ ಹಂಗ.” ಮಂಚದ ಮೇಲೆ ಅತ್ತೆಯ ಬೆರಳು ಸೆರಗಿನ ತುದಿಯಲ್ಲೇ ಇತ್ತು. ಮಾತು ಬಿಟ್ಟಷ್ಟು ವರ್ಷವೂ ಇವರು ಒಬ್ಬರನ್ನೊಬ್ಬರು ಮರೆತಿರಲಿಲ್ಲವೆಂದು ನನಗೆ ಆಗ ಹೊಳೆಯಿತು. ಹೊಳೆದ ಬೆರಗಿನಲ್ಲಿ ಜಾಕಿಯನ್ನೇ ಬಿಟ್ಟೆ. ಅತ್ತೆ ಗೆದ್ದರು.

ಮರುವಾರ ಪ್ಲಾಸ್ಟರ್ ತೆಗೆದರು. ಅತ್ತೆ ಕೋಲೂರಿ ಅಡುಗೆಮನೆಗೆ ಹೋಗಿ ಬಂದರು, ಸಾರಿನ ವಿಮರ್ಶೆಯೂ ಆಯಿತು. ಮಧ್ಯಾಹ್ನ ಎಲೆ ಕಲೆಸಿಟ್ಟು ಕೂತೆವು. ದೊಡ್ಡತ್ತೆ ಬರಲಿಲ್ಲ. ಕಾಯಿಲೆ ವಾಸಿಯಾದವರನ್ನು ನೋಡಲು ಹೋಗುವ ಪದ್ಧತಿ ಎಲ್ಲಿದೆ? ಮರುದಿನವೂ ಬರಲಿಲ್ಲ. ಇಬ್ಬರೇ ಆಡಿದೆವು. ನಾನು ಎರಡು ಸಲ ಗೆದ್ದೆ, ಅದರಿಂದಲೇ ಅತ್ತೆಯ ಮನಸ್ಸು ಎಲ್ಲಿದೆಯೆಂದು ತಿಳಿಯಿತು. ನಾನು ಹೋಗಿ ಕರೆದು ಬರಲೇ ಎಂದೆ. ಬೇಡವೆಂದರು. ಆಮೇಲೆ ಎಲೆಗಳನ್ನು ಕೆಳಗಿಟ್ಟು ಕೋಲು ತೆಗೆದುಕೊಂಡು ಎದ್ದರು. ಬೀಳದಿರಲೆಂದು ನಾನು ಹಿಂದೆಯೇ ನಡೆದೆ.

ಪಾಲಾದ ಮೇಲೆ ಅತ್ತೆ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಅಂದೂ ಮೊದಲು ಕೆಳಗೇ ನಿಂತರು. ಒಳಗೆ ದೊಡ್ಡತ್ತೆ ಒಬ್ಬರೇ ಹೂ ಕಟ್ಟುತ್ತಿದ್ದರು. ಕಂಡರೂ ತಲೆ ಎತ್ತಲಿಲ್ಲ. ಅತ್ತೆ ಎಂದಿನಂತೆ ನನ್ನ ಕಡೆ ತಿರುಗಿದರು. ನಾನು ಸಂದೇಶ ಒಯ್ಯಲು ಸಿದ್ಧಳಾದೆ. ಆದರೆ ಅವರು ಮತ್ತೆ ಬಾಗಿಲ ಕಡೆ ಮುಖ ಮಾಡಿದರು.

“ಅಕ್ಕಾ, ಆಟಕ್ಕ ಬರಲಿಲ್ಲಲ್ಲ?”

ದೊಡ್ಡತ್ತೆಯ ಕೈ ನಿಂತಿತು. ದಾರವನ್ನು ಹಲ್ಲಿನಿಂದ ಕಡಿದು, ಕಟ್ಟಿದ ಹೂವನ್ನು ಬುಟ್ಟಿಗಿಟ್ಟು, ನಿಧಾನವಾಗಿ ಹೇಳಿದರು:

“ಇಷ್ಟು ದಿನ ನಾನು ಬಂದೀನಿ. ಈಗ ನಿನ್ನ ಕಾಲು ನೆಟ್ಟಗಾತಲ್ಲ, ಒಳಗ ಬಾ.”

ಅತ್ತೆ ಕೋಲನ್ನು ನನ್ನ ಕೈಗೆ ಕೊಟ್ಟು, ಬಾಗಿಲ ಚೌಕಟ್ಟು ಹಿಡಿದು ಮೆಟ್ಟಿಲು ಹತ್ತಿದರು. ನಾನು ಇಸ್ಪೀಟು ತರಲು ಓಡಿದೆ. ತಂದು ನೋಡಿದರೆ ಇಬ್ಬರಿಗೂ ಆಟದ ನೆನಪೇ ಇರಲಿಲ್ಲ. ಅವರು ಜೋರಾಗಿ ಮಾತಾಡುತ್ತಿದ್ದರು, ನೇರವಾಗಿ, ಇಬ್ಬರೂ ಒಟ್ಟಿಗೇ, ನನ್ನ ಸಾರಿನ ಬಗ್ಗೆ.