ಹೆಜ್ಜೆ ಮೇಷ್ಟ್ರೂ ಎದುರು ಮನೆಯೂ

ನಾನು ಸೊಸೆಯಾಗಿ ಈ ಮನೆಗೆ ಬಂದ ದಿನ ಮೈದುನ ನನಗೊಂದು ಲೋಟ ಬಿಸಿ ಹಾಲು ತಂದುಕೊಟ್ಟ. ಕುಡಿಯಲು ಮಾತ್ರ ಬಿಡಲಿಲ್ಲ. ಅದು ಬಾಯಿಗಿಡುವಷ್ಟು ಆರುವುದು ಯಾವಾಗ ಎಂದು ಕಾಗದದಲ್ಲಿ ಲೆಕ್ಕ ಹಾಕುತ್ತಿದ್ದ. ಲೆಕ್ಕ ಮುಗಿದಾಗ ಕಾಗದದ ಹಾಲು ಕೋಣೆಯ ಗಾಳಿಗಿಂತಲೂ ತಣ್ಣಗಾಗಿತ್ತು. ಲೋಟದ ಹಾಲಿಗೆ ಕೆನೆ ಕಟ್ಟಿತ್ತು. ನಾನು ಬೆರಳು ಅದ್ದಿ ನೋಡಿ ಕುಡಿದೆ.

"ಹೆಜ್ಜೆ ದೊಡ್ಡದಾಯ್ತು ಅತ್ತಿಗೆ," ಎಂದ, ಹಾಲಿನದೇ ತಪ್ಪು ಎಂಬಂತೆ.

ಮುಂದೆ ಕಾಲೇಜಿನಲ್ಲಿ ಆ ಹೆಜ್ಜೆ ಲೆಕ್ಕವನ್ನೇ ಕಲಿಸುವ ಮೇಷ್ಟ್ರಾದ. ಮನೆಪಾಠಕ್ಕೆ ಬರುವವರಿಗೆ ಹಜಾರದಲ್ಲಿ ಹೇಳುತ್ತಿದ್ದುದು ಅಡುಗೆಮನೆಯಲ್ಲಿದ್ದ ನನಗೂ ಬಾಯಿಪಾಠವಾಗಿದೆ. ಸದಾ ಬದಲಾಗುವ ವಸ್ತುವಿನ ಮುಂದಿನ ಗತಿ ಒಂದೇ ಏಟಿಗೆ ಸಿಗದಿದ್ದರೆ, ಅದು ಈಗ ಯಾವ ಕಡೆ, ಎಷ್ಟು ಬೇಗ ಹೊರಟಿದೆ ಎಂದು ನೋಡಬೇಕು. ಆ ಕಡೆಗೊಂದು ಚಿಕ್ಕ ಹೆಜ್ಜೆ ಇಟ್ಟು, ನಿಂತು, ಮತ್ತೆ ನೋಡಬೇಕು. ಹೆಜ್ಜೆ ದೊಡ್ಡದಾದರೆ ಗುರಿ ದಾಟಿ ಆಚೆ ಬೀಳುತ್ತೀರಿ, ತಿರುಗಿದರೆ ಈಚೆ, ಪ್ರತಿ ಸಲ ಇನ್ನಷ್ಟು ದೂರ. ಬೀದಿಯವರು ಅವನಿಗೆ ಹೆಜ್ಜೆ ಮೇಷ್ಟ್ರು ಎಂದೇ ಹೆಸರಿಟ್ಟರು.

ಎದುರು ಮನೆಯ ವಿಷಯದಲ್ಲಿ ಮಾತ್ರ ಮೇಷ್ಟ್ರಿಗೆ ಚಿಕ್ಕ ಹೆಜ್ಜೆ ಬರಲಿಲ್ಲ. ಅಲ್ಲೊಬ್ಬಳು ಹೊಲಿಗೆಯವಳಿದ್ದಳು, ಮದುವೆಯಾಗದವಳು. ಅಂಗಿಗೆ ಅಳತೆ ಕೊಡಲು ಹೋದಾಗ ಇವನ ಮಾತಿಗೆ ನಕ್ಕಳಂತೆ. ಮೈದುನ ಹಿಗ್ಗಿ ಹೀರೇಕಾಯಿಯಾಗಿ ಬಂದ. ಈ ವೇಗದಲ್ಲಿ ಹೋದರೆ ಕಾಲೇಜಿನ ರಜೆ ಮುಗಿಯುವಷ್ಟರಲ್ಲಿ ಮದುವೆಗೆ ಒಪ್ಪುತ್ತಾಳೆಂದು ತೀರ್ಮಾನಿಸಿ, ರಜೆಯುದ್ದಕ್ಕೂ ಆ ಕಡೆ ತಲೆ ಹಾಕಲಿಲ್ಲ. ಒಲವು ತಾನಾಗಿ ಏರುತ್ತಿರುವಾಗ ಹೋಗಿ ತೊಂದರೆ ಕೊಡುವುದೇಕೆ? ಕೊನೆಗೆ ಕ್ರಾಪು ತೀಡಿಕೊಂಡು ಹೋದವನ ಕೈಗೆ ಅವಳು ಅಂಗಿ ತುರುಕಿ, ಗುಂಡಿ ನೀವೇ ಹಾಕಿಕೊಳ್ಳಿ ಎಂದಳು. ಈ ವೇಗದಲ್ಲಿ ಹೋದರೆ ಅವಳಿಗೆ ತನ್ನ ನೆರಳು ಕಂಡರೂ ಆಗದ ದಿನ ಹತ್ತಿರ ಎಂದು ಹೊಸ ಲೆಕ್ಕ ಹಾಕಿದ. ಮುಂದಿನ ರಜೆಯವರೆಗೆ ಹಿತ್ತಲ ಬಾಗಿಲಿನಿಂದ ಓಡಾಡಿದ. ಅವಳ ಕೋಪ ಎಂದೋ ಇಳಿದಿತ್ತು. ನಾನು ಕುಪ್ಪಸ ಬಿಗಿ ಮಾಡಿಸಲು ಹೋದಾಗಲೆಲ್ಲ ಊರ ಸುದ್ದಿ ಸುತ್ತಿ ಬಳಸಿ ಅವನ ಬಳಿಗೇ ಬರುತ್ತಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ನಮ್ಮ ಮೇಷ್ಟ್ರಿಗೆ ಎದುರು ಮನೆಗೂ ದುರ್ಬೀನು ಬೇಕಿತ್ತು.

ಹೀಗೇ ಏರಿ ಇಳಿದು ವರ್ಷ ಕಳೆಯಿತು. ಅವಳ ಅಕ್ಕ ಬೇರೆ ಊರಲ್ಲಿ ಗಂಡು ನೋಡಿದಳು.

"ನಿಮ್ಮ ಮೈದುನರಿಗೆ ಹೇಳಿ ಅಕ್ಕಾ," ಎಂದಳು ಹೊಲಿಗೆಯವಳು, ಸೂಜಿಯಿಂದ ಕಣ್ಣು ತೆಗೆಯದೆ. "ಹೋದ ವರ್ಷದ ಅಳತೆಗೆ ನಾನು ಈ ವರ್ಷದ ಅಂಗಿ ಹೊಲಿಯಲ್ಲ. ನಾಳೆ ನಮ್ಮಕ್ಕ ಉತ್ತರ ಕೇಳೋಕೆ ಬರ್ತಾಳೆ."

ಹೇಳಿದೆ. ಹೆಜ್ಜೆ ಚಿಕ್ಕದು ಮಾಡಬೇಕೆಂದು ಕೂಡಲೇ ಒಪ್ಪಿದ. ಎಷ್ಟು ಚಿಕ್ಕದು ಎಂದು ಲೆಕ್ಕ ಹಾಕಲು ಕುಳಿತ. ನಾನು ಕಾಗದ ಕಿತ್ತು ಒಲೆಗೆ ಹಾಕಿ ಕಿಟಕಿಯ ಬಳಿ ನಿಂತೆ. ಅಷ್ಟರಲ್ಲಿ ಎದುರು ಮನೆಯ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಮೈದುನನ ಮುಖ ಬಿಳುಚಿತು. ಏಕೆ ನಿಂತಿತೆಂದು ನನಗೆ ಕಾಣುತ್ತಿತ್ತು: ಅವಳು ಬಾಗಿಲು ಮುಂದೆ ಮಾಡಿ, ಬೀದಿ ದಾಟಿ, ನಮ್ಮ ಮೆಟ್ಟಿಲಿಗೇ ಬರುತ್ತಿದ್ದಳು.

ಅವರಿಬ್ಬರ ಮದುವೆಯಾದ ಮೇಲೆ ಅವನು ಏನು ಕೇಳುವುದಿದ್ದರೂ ಅವಳನ್ನೇ. ನನ್ನನ್ನು ಕೇಳಿದ್ದು ಆ ದಿನವೇ ಕೊನೆ, ಲೆಕ್ಕಕ್ಕೆ ಕುಳಿತ ಕುರ್ಚಿಯಿಂದ ಏಳದೆ:

"ಅತ್ತಿಗೆ, ಲೆಕ್ಕವಂತೂ ಹೋಯ್ತು. ಸ್ವಲ್ಪ ಬಗ್ಗಿ ನೋಡಿ ಹೇಳ್ತೀರಾ, ಅವಳು ಈಗ ಯಾವ ಕಡೆ ಹೊರಟಿದ್ದಾಳೆ?"